ಹಾಡು ಅದೇ, ಆದರೆ ಹೊಸದಾಗಿ ಬರೆದವರು ಯಾರು? ಜಾಝ್ ಆರ್ಕೆಸ್ಟ್ರಾದ ಅರೇಂಜರ್ ಬಗ್ಗೆ

ಕೌಂಟ್ ಬೇಸಿ ಅವರ ಬ್ಯಾಂಡ್ 1955ರಲ್ಲಿ ರೆಕಾರ್ಡ್ ಮಾಡಿದ 'ಏಪ್ರಿಲ್ ಇನ್ ಪ್ಯಾರಿಸ್' ಕೇಳಿ. ಕೊನೆಗೆ ಇಡೀ ಬ್ಯಾಂಡ್ ಒಟ್ಟಿಗೆ ಜೋರಾಗಿ ಏರಿ ಒಂದು ದೊಡ್ಡ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೇಲೆ ನಿಲ್ಲುತ್ತದೆ. ಮುಗಿಯಿತು ಅಂದುಕೊಳ್ಳುತ್ತೇವೆ. ಆಗ ಬೇಸಿ ಅವರ ದನಿ ಕೇಳಿಸುತ್ತದೆ, ಇನ್ನೊಂದ್ಸಲ ಅಂತ. ಅದೇ ಕೊನೆ ಮತ್ತೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಬೇಸಿ ಇನ್ನೂ ಒಂದ್ಸಲ ಕೇಳುತ್ತಾರೆ. ಮೂರನೇ ಸಲ ಬ್ಯಾಂಡ್ ಅದನ್ನು ನುಡಿಸಿ ಮುಗಿಸುವ ಹೊತ್ತಿಗೆ ಕೇಳುವವರು ಕುರ್ಚಿಯ ತುದಿಗೆ ಬಂದಿರುತ್ತಾರೆ.

ಈ ಹಾಡನ್ನು 1932ರಲ್ಲಿ ವರ್ನನ್ ಡ್ಯೂಕ್ ನ್ಯೂಯಾರ್ಕ್‌ನ ನಾಟಕರಂಗವಾದ ಬ್ರಾಡ್‌ವೇಯ ಒಂದು ಪ್ರದರ್ಶನಕ್ಕಾಗಿ ರಚಿಸಿದ್ದರು. ಸಾಹಿತ್ಯ ಯಿಪ್ ಹಾರ್ಬರ್ಗ್ ಅವರದ್ದು. ವಸಂತ ಕಾಲದ ಪ್ಯಾರಿಸ್ ನೆನೆದು ನಿಟ್ಟುಸಿರು ಬಿಡುವ ಹಾಡು ಅದು. ಅದರಲ್ಲಿ ಮೂರು ಸಲ ಮುಗಿಯುವ ಕೊನೆ ಇರಲಿಲ್ಲ. ಬೇಸಿ ರೆಕಾರ್ಡ್‌ನ ನಡುವೆ ಟ್ರಂಪೆಟ್ ನುಡಿಸುವ ಥ್ಯಾಡ್ ಜೋನ್ಸ್ ಮಕ್ಕಳ ಪದ್ಯವಾದ 'ಪಾಪ್ ಗೋಸ್ ದ ವೀಸಲ್'ನ ಒಂದು ತುಣುಕನ್ನು ತಂದು ಸೇರಿಸುತ್ತಾರೆ, ಅದೂ ಇರಲಿಲ್ಲ. ಬ್ಯಾಂಡ್‌ಗಾಗಿ ಇದನ್ನು ಕಾಗದದ ಮೇಲೆ ಬರೆದುಕೊಟ್ಟವರು ವೈಲ್ಡ್ ಬಿಲ್ ಡೇವಿಸ್. ಅವರು ಆರ್ಗನ್ ವಾದಕರು. ಆರ್ಗನ್‌ನಲ್ಲಿ ಎರಡೂ ಕೈಯ ಬೆರಳುಗಳು ಒಟ್ಟಿಗೆ ದಪ್ಪ ದಪ್ಪ ಕಾರ್ಡ್‌ಗಳನ್ನು ಒತ್ತುತ್ತಾ ಸಾಗುತ್ತವೆ. ಈ ರೆಕಾರ್ಡ್‌ನಲ್ಲಿ ಬ್ಯಾಂಡಿನ ಗಾಳಿವಾದ್ಯಗಳೆಲ್ಲ ಹಾಗೇ ಒಂದೇ ಗೋಡೆಯಂತೆ ಚಲಿಸೋದು ಅದರಿಂದಲೇ.

ಜಾಝ್ ಅಂದ್ರೆ ನಮಗೆ ತಟ್ಟನೆ ನೆನಪಾಗೋದು ಸೋಲೋ. ಒಬ್ಬರು ಕಣ್ಣು ಮುಚ್ಚಿ ಸ್ಯಾಕ್ಸೋಫೋನ್ ನುಡಿಸುತ್ತಿರುವ ಚಿತ್ರ, ಅಲ್ವಾ? ಆದರೆ ಹದಿನೇಳು ಹದಿನೆಂಟು ಜನ ಒಟ್ಟಿಗೆ ಕೂತು ನುಡಿಸುವಾಗ ಎಲ್ಲರೂ ಮನಸ್ಸಿಗೆ ಬಂದದ್ದನ್ನು ನುಡಿಸಿದರೆ ಗದ್ದಲವಾಗುತ್ತದೆ. ಯಾರೋ ಒಬ್ಬರು ಮೊದಲೇ ಕೂತು ಯೋಚಿಸಿ ಬರೆದಿರಬೇಕು. ಅವರೇ ಅರೇಂಜರ್. ಅವರು ಬರೆದದ್ದನ್ನು ಬ್ಯಾಂಡಿನವರು ಚಾರ್ಟ್ ಅಂತಾರೆ. ಅಮೆರಿಕದ ಹಳೆಯ ಜನಪ್ರಿಯ ಹಾಡುಗಳು ಜಾಝ್ ಆರ್ಕೆಸ್ಟ್ರಾದಲ್ಲಿ ಹೊಸ ರೂಪ ಪಡೆದದ್ದು ಮುಖ್ಯವಾಗಿ ಇವರ ಕೈಯಲ್ಲಿ. ಅವರ ಕೆಲಸವನ್ನು ಎರಡನೇ ದರ್ಜೆಯ ಸಂಯೋಜನೆ ಅಂತ ನೋಡೋದು ತಪ್ಪು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಆ ಹಾಡುಗಳ ಬಗ್ಗೆ ಸ್ವಲ್ಪ. ಸುಮಾರು 1920ರಿಂದ 1950ರ ದಶಕದವರೆಗೆ ಬ್ರಾಡ್‌ವೇ ಸಂಗೀತ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಬರೆದ ಹಾಡುಗಳ ಒಂದು ದೊಡ್ಡ ಭಂಡಾರವಿದೆ. ಜಾರ್ಜ್ ಗರ್ಶ್ವಿನ್, ಕೋಲ್ ಪೋರ್ಟರ್, ಅರ್ವಿಂಗ್ ಬರ್ಲಿನ್, ಜೆರೋಮ್ ಕರ್ನ್, ರಿಚರ್ಡ್ ರಾಜರ್ಸ್, ಹೆರಾಲ್ಡ್ ಆರ್ಲೆನ್ ಇವರೆಲ್ಲ ಅದರ ದೊಡ್ಡ ಹೆಸರುಗಳು. ನಾಟಕಗಳು ಮರೆತುಹೋದರೂ ಹಾಡುಗಳು ಉಳಿದವು.

ಈ ಹಾಡುಗಳಲ್ಲಿ ಬಹಳಷ್ಟಕ್ಕೆ ಒಂದೇ ಅಳತೆ. ಒಟ್ಟು 32 ಬಾರ್. ಒಂದು ಬಾರ್‌ಗೆ ನಾಲ್ಕು ಎಣಿಕೆ ಅಂತ ಇಟ್ಟುಕೊಳ್ಳಿ. ಎಂಟು ಬಾರ್‌ನ ಒಂದು ಸಾಲು ಬರುತ್ತದೆ, ಅದೇ ಮತ್ತೊಮ್ಮೆ ಬರುತ್ತದೆ, ಆಮೇಲೆ ಬೇರೆ ದಾರಿಗೆ ಹೊರಳುವ ಎಂಟು ಬಾರ್, ಕೊನೆಗೆ ಮೊದಲಿನದೇ ಸಾಲು. ನಡುವೆ ಹೊರಳುವ ಭಾಗವನ್ನು ಬ್ರಿಡ್ಜ್ ಅಂತಾರೆ. ನಾಟಕದಲ್ಲಿ ಇದಕ್ಕೂ ಮುಂಚೆ ಮಾತಿಗೆ ಹತ್ತಿರವಾದ ಒಂದು ಪೀಠಿಕೆ ಇರುತ್ತಿತ್ತು. ಪಾತ್ರ ಯಾಕೆ ಈಗ ಹಾಡುತ್ತಿದೆ ಅಂತ ಹೇಳುವ ಭಾಗ ಅದು. ಜಾಝ್ ಬ್ಯಾಂಡ್‌ಗಳು ಸಾಮಾನ್ಯವಾಗಿ ಅದನ್ನು ಬಿಟ್ಟೇಬಿಟ್ಟವು. ಎಷ್ಟೋ ಹಾಡುಗಳಿಗೆ ಪೀಠಿಕೆ ಇತ್ತು ಅನ್ನೋದೇ ಇಂದಿನ ಕೇಳುಗರಿಗೆ ಗೊತ್ತಿಲ್ಲ.

ಚೌಕಟ್ಟು ಚಿಕ್ಕದು, ಎಲ್ಲರಿಗೂ ಗೊತ್ತಿರೋದು. ಜಾಝ್‌ನವರಿಗೆ ಅನುಕೂಲವಾದದ್ದು ಇದೇ. ಕೇಳುಗರ ಕಿವಿಯಲ್ಲಿ ಧಾಟಿ ಮೊದಲೇ ಕೂತಿದೆ. ಹಾಗಾಗಿ ಅದನ್ನು ಎಷ್ಟು ಬಗ್ಗಿಸಿದರೂ ಅವರು ಹಿಂದೆ ಬರುತ್ತಾರೆ. ನಮ್ಮಲ್ಲಿ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರ ಧಾಟಿಯೋ ಅಂತ ವರ್ಷಗಟ್ಟಲೆ ಚರ್ಚೆ ನಡೆಯಿತಲ್ಲ, ಅಲ್ಲಿ ಮಾತು ಅದೇ ಇದ್ದು ಧಾಟಿ ಬದಲಾಗಿತ್ತು. ಇಲ್ಲಿ ತಿರುಗುಮುರುಗು. ಧಾಟಿ ಉಳಿಯುತ್ತದೆ, ಮಾತು ಎಷ್ಟೋ ಸಲ ಪೂರ್ತಿ ಹೊರಟುಹೋಗುತ್ತದೆ, ಧಾಟಿಯ ಸುತ್ತ ಇರುವ ಲಯ, ಕಾರ್ಡ್, ವಾದ್ಯ ಎಲ್ಲ ಬದಲಾಗುತ್ತವೆ.

ಈ ಕಲೆಗೆ ಅಡಿಪಾಯ ಹಾಕಿದವರಲ್ಲಿ ಫ್ಲೆಚರ್ ಹೆಂಡರ್ಸನ್ ಒಬ್ಬರು. 1897ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ ಕಪ್ಪು ಸಂಗೀತಗಾರ. ಓದಿದ್ದು ರಸಾಯನಶಾಸ್ತ್ರ. 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಬ್ಯಾಂಡ್ ಕಟ್ಟಿದರು. ಡಾನ್ ರೆಡ್‌ಮನ್ ಅವರ ಅರೇಂಜರ್ ಆಗಿದ್ದರು. 1924ರಲ್ಲಿ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಬಂದು ಸುಮಾರು ಒಂದು ವರ್ಷ ಇದ್ದು ಹೋದರು. ಅಷ್ಟರಲ್ಲಿ ಬ್ಯಾಂಡಿನ ಲಯದ ಬುದ್ಧಿಯೇ ಬದಲಾಗಿಹೋಯಿತು. ಆರ್ಮ್‌ಸ್ಟ್ರಾಂಗ್ ಒಂದು ಧಾಟಿಯನ್ನು ಎಣಿಕೆಯ ಮೇಲೆ ಸರಿಯಾಗಿ ಇಡದೆ, ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿ, ಮಾತನಾಡುವ ಹಾಗೆ ನುಡಿಸುತ್ತಿದ್ದರು. ಹೆಂಡರ್ಸನ್ ಮುಂದೆ ಮಾಡಿದ ದೊಡ್ಡ ಕೆಲಸ ಏನು ಅಂದ್ರೆ, ಒಬ್ಬ ಸೋಲೋ ವಾದಕ ಆ ಕ್ಷಣದಲ್ಲಿ ಹುಟ್ಟಿಸಿದ ಹಾಗಿರುವ ಸಾಲನ್ನು ಇಡೀ ಸ್ಯಾಕ್ಸೋಫೋನ್ ಗುಂಪಿಗೆ ಬರೆದುಕೊಟ್ಟದ್ದು. ಸ್ಯಾಕ್ಸೋಫೋನ್‌ಗಳು ಒಂದು ಮಾತು ಹೇಳುತ್ತವೆ, ಟ್ರಂಪೆಟ್ ಮತ್ತು ಟ್ರಾಂಬೋನ್‌ಗಳು ಅದಕ್ಕೆ ಚುಟುಕಾಗಿ ಉತ್ತರ ಕೊಡುತ್ತವೆ. ಈ ಸವಾಲು ಜವಾಬು ಮುಂದೆ ಸ್ವಿಂಗ್, ಅಂದ್ರೆ ಜನರನ್ನು ಕುಣಿಸುವ ಜಾಝ್, ನುಡಿಸುವ ಬ್ಯಾಂಡ್‌ಗಳ ಮೂಲ ಭಾಷೆಯೇ ಆಯಿತು.

1934ರ ಹೊತ್ತಿಗೆ ಹೆಂಡರ್ಸನ್ ಬ್ಯಾಂಡ್ ಕಷ್ಟಕ್ಕೆ ಸಿಕ್ಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಬ್ಬ ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್ ಅವರಿಗೆ ಎನ್‌ಬಿಸಿ ರೇಡಿಯೋದಲ್ಲಿ ವಾರಕ್ಕೊಂದು ಕಾರ್ಯಕ್ರಮ ಸಿಕ್ಕಿತು. ವಾರ ವಾರ ಹೊಸ ಚಾರ್ಟ್ ಬೇಕು, ಅದೂ ಜನರಿಗೆ ಗೊತ್ತಿರುವ ಹಾಡುಗಳದ್ದು. ಹೆಂಡರ್ಸನ್ ಬರೆದುಕೊಟ್ಟರು. ಅರ್ವಿಂಗ್ ಬರ್ಲಿನ್ 1926ರಲ್ಲಿ ರಚಿಸಿದ 'ಬ್ಲೂ ಸ್ಕೈಸ್' ಅವುಗಳಲ್ಲಿ ಒಂದು. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೋಮಾರ್ ಬಾಲ್‌ರೂಮ್‌ನಲ್ಲಿ ಗುಡ್‌ಮನ್ ಬ್ಯಾಂಡ್ ಹೆಂಡರ್ಸನ್ ಚಾರ್ಟ್‌ಗಳನ್ನು ತೆಗೆದಾಗ ಹುಡುಗ ಹುಡುಗಿಯರು ಹುಚ್ಚೆದ್ದು ವೇದಿಕೆಯತ್ತ ನುಗ್ಗಿದರು. ಸ್ವಿಂಗ್ ಯುಗ ಶುರುವಾದದ್ದು ಅಂದೇ ಅಂತ ಪುಸ್ತಕಗಳು ಬರೆಯುತ್ತವೆ. 'ಸ್ವಿಂಗ್ ರಾಜ' ಅನ್ನೋ ಬಿರುದು ಬಿಳಿಯರಾದ ಗುಡ್‌ಮನ್ ಅವರಿಗೆ ಹೋಯಿತು. ಗುಡ್‌ಮನ್ ಅದ್ಭುತ ಕ್ಲಾರಿನೆಟ್ ವಾದಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ಜನ ಕುಣಿದದ್ದು ಯಾರ ಬರಹಕ್ಕೆ? ಅದೇ ಬಗೆಯ ಸಂಗೀತವನ್ನು ಕಪ್ಪು ಬ್ಯಾಂಡ್‌ಗಳು ಅದಕ್ಕೂ ವರ್ಷಗಳ ಮುಂಚಿನಿಂದ ನುಡಿಸುತ್ತಿದ್ದವು. ಇದು ಅನ್ಯಾಯ. ಈ ಕಥೆ ಹೇಳುವಾಗಲೆಲ್ಲ ಅದನ್ನೂ ಸೇರಿಸಿಯೇ ಹೇಳಬೇಕು.

ಈಗ ಅರೇಂಜರ್ ಮೇಜಿನ ಮುಂದೆ ಕೂತು ನಿಜವಾಗಿ ಏನು ಮಾಡುತ್ತಾರೆ ಅಂತ ಒಂದು ಚಿಕ್ಕ ಉದಾಹರಣೆಯಲ್ಲಿ ನೋಡೋಣ. ಇದು ಸ್ವಲ್ಪ ತಾಂತ್ರಿಕ, ಆದರೆ ಸ್ವರಗಳ ಹೆಸರು ಗೊತ್ತಿದ್ದರೆ ಸಾಕು.

ಪೂರ್ಣ ಪ್ರಮಾಣದ ಬ್ಯಾಂಡಿನಲ್ಲಿ ಐದು ಸ್ಯಾಕ್ಸೋಫೋನ್ ಇರುತ್ತವೆ: ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್. ಅವುಗಳ ಹಿಂದೆ ಸಾಮಾನ್ಯವಾಗಿ ನಾಲ್ಕು ಟ್ರಾಂಬೋನ್, ನಾಲ್ಕು ಟ್ರಂಪೆಟ್. ಪಕ್ಕದಲ್ಲಿ ಪಿಯಾನೊ, ಬಾಸ್, ಡ್ರಮ್ಸ್, ಕೆಲವೊಮ್ಮೆ ಗಿಟಾರ್. ಹಾಡಿನ ಧಾಟಿ ಒಂದೇ ಎಳೆ. ಐದೂ ಸ್ಯಾಕ್ಸೋಫೋನ್ ಅದನ್ನೇ ನುಡಿಸಿದರೆ ದನಿ ಜೋರಾಗುತ್ತದೆ ಅಷ್ಟೇ, ದಪ್ಪ ಆಗಲ್ಲ. ಹಾಗಾಗಿ ಮೇಲಿನ ಆಲ್ಟೊ ಧಾಟಿ ಹಿಡಿಯುತ್ತದೆ, ಉಳಿದವುಗಳಿಗೆ ಅದರ ಕೆಳಗೆ ಸ್ವರ ಹಂಚಬೇಕು.

ಕಾರ್ಡ್‌ನಲ್ಲಿ ಸ, ಗ, ಪ, ದ ಅನ್ನೋ ನಾಲ್ಕು ಸ್ವರ ಇವೆ ಅಂತ ಇಟ್ಟುಕೊಳ್ಳಿ. ಶಂಕರಾಭರಣದ ಸ್ವರಸ್ಥಾನಗಳು. ಧಾಟಿ ಮೇಲಿನ ಸ ಮೇಲೆ ನಿಂತರೆ ಕೆಳಗಿನ ಮೂವರಿಗೆ ದ, ಪ, ಗ ಕೊಡಬಹುದು, ಬ್ಯಾರಿಟೋನ್‌ಗೆ ಧಾಟಿಯನ್ನೇ ಒಂದು ಸ್ಥಾಯಿ ಕೆಳಗೆ ಕೊಡಬಹುದು. ಸುಲಭ. ಆದರೆ ಧಾಟಿ ಅಲ್ಲಿಂದ ರಿಗೆ ಹೋಯಿತು ಅನ್ನಿ. ರಿ ಈ ಕಾರ್ಡ್‌ನಲ್ಲಿ ಇಲ್ಲ. ಕೆಳಗಿನವರು ಹಾಗೇ ನಿಂತರೆ ಚಲನೆ ಸತ್ತುಹೋಗುತ್ತದೆ. ಆಗ ಅರೇಂಜರ್ ಆ ಒಂದು ಎಣಿಕೆಗೆ ಎಲ್ಲರನ್ನೂ ಬೇರೆ ಕಾರ್ಡ್‌ಗೆ ಸರಿಸುತ್ತಾರೆ: ರಿ, ನಿ, ದ, ಮ. ಈ ದ ಮಾತ್ರ ಶುದ್ಧ ಧೈವತ, ಅಂದ್ರೆ ಮೊದಲಿನ ದಗಿಂತ ಅರ್ಧ ಹೆಜ್ಜೆ ಕೆಳಗಿನದು. ಆಮೇಲೆ ಧಾಟಿ ಗ ಮುಟ್ಟಿದಾಗ ಎಲ್ಲರೂ ಮತ್ತೆ ಮೊದಲಿನ ಕಾರ್ಡ್‌ಗೆ. ಒಂದು ಎಣಿಕೆ ಬಿಗಿ, ಮುಂದಿನ ಎಣಿಕೆ ಸಡಿಲ. ಹೀಗೆ ಬಿಗಿಯುತ್ತಾ ಬಿಡುತ್ತಾ ಹೋಗೋದರಿಂದಲೇ ಸ್ವಿಂಗ್ ಬ್ಯಾಂಡಿನ ಸ್ಯಾಕ್ಸೋಫೋನ್ ಸಾಲು ಅಷ್ಟು ನುಣುಪಾಗಿ ಜಾರುವ ಹಾಗೆ ಕೇಳಿಸೋದು. ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಈ ಎರಡು ಕಾರ್ಡ್‌ಗಳನ್ನು ಒಂದರ ಹಿಂದೆ ಒಂದು ಒತ್ತಿ ನೋಡಿ, ಹಳೆಯ ಬ್ಯಾಂಡಿನ ವಾಸನೆ ತಕ್ಷಣ ಬರುತ್ತದೆ. ಈ ಹಂಚಿಕೆಗೆ ವಾಯ್ಸಿಂಗ್ ಅಂತಾರೆ. ಪ್ರತಿ ಅರೇಂಜರ್‌ಗೂ ತಮ್ಮದೇ ವಾಯ್ಸಿಂಗ್ ಇರುತ್ತದೆ.

ಸ್ವರ ಹಂಚುವುದಕ್ಕೂ ಮುಂಚೆ ತೀರ್ಮಾನ ಮಾಡಬೇಕಾದದ್ದು ಲಯ. ಇದಕ್ಕೆ 'ಬಿಗಿನ್ ದ ಬಿಗೀನ್'ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೋಲ್ ಪೋರ್ಟರ್ 1935ರ 'ಜುಬಿಲಿ' ನಾಟಕಕ್ಕೆ ಬರೆದ ಹಾಡು. ಬಿಗೀನ್ ಅಂದ್ರೆ ಕೆರಿಬಿಯನ್ ಕಡೆಯ ಒಂದು ಕುಣಿತ, ಹಾಡಿನ ಲಯವೂ ಅದೇ. ಉದ್ದ 108 ಬಾರ್, ಅಂದ್ರೆ ಮಾಮೂಲಿ ಹಾಡಿನ ಮೂರು ಪಟ್ಟಿಗೂ ಜಾಸ್ತಿ. ನಾಟಕ ಹೆಚ್ಚು ದಿನ ಓಡಲಿಲ್ಲ, ಹಾಡೂ ಅಷ್ಟಾಗಿ ಹಿಡಿಸಲಿಲ್ಲ. 1938ರ ಜುಲೈನಲ್ಲಿ ಕ್ಲಾರಿನೆಟ್ ವಾದಕ ಆರ್ಟಿ ಶಾ ತಮ್ಮ ಬ್ಯಾಂಡ್ ಜೊತೆ ಇದನ್ನು ರೆಕಾರ್ಡ್ ಮಾಡಿದರು. ಚಾರ್ಟ್ ಜೆರ್ರಿ ಗ್ರೇ ಅವರದ್ದು. ಬಿಗೀನ್ ಲಯ ತೆಗೆದು ನೇರ ನಾಲ್ಕು ಎಣಿಕೆಯ ಸ್ವಿಂಗ್ ಹಾಕಿದರು. ಆಗಿನ ಹತ್ತಿಂಚಿನ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಸುತ್ತಿತ್ತು ಅಷ್ಟೇ. ಅಷ್ಟರೊಳಗೆ ಆ ಉದ್ದದ ಹಾಡನ್ನು ಕೂರಿಸಬೇಕಿತ್ತು, ಹಾಗಾಗಿ ಸೋಲೋ ಹೊಡೆದಾಟಕ್ಕೆ ಜಾಗವೇ ಇರಲಿಲ್ಲ. ಧಾಟಿಯನ್ನೇ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದರು: ಶಾ ಅವರ ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳು, ಟೆನರ್, ಮತ್ತೆ ಕ್ಲಾರಿನೆಟ್. ತಟ್ಟೆಯ ಇನ್ನೊಂದು ಬದಿಯ ಹಾಡು ಓಡುತ್ತದೆ ಅಂತ ನಿರೀಕ್ಷೆ ಇತ್ತು, ಓಡಿದ್ದು ಇದು. ಜನ ಹೋದಲ್ಲೆಲ್ಲ ಇದನ್ನೇ ಕೇಳತೊಡಗಿದರು. ಅದರಿಂದ ಬಂದ ಜನಪ್ರಿಯತೆಯ ಭಾರ ತಾಳಲಾರದೆ ಶಾ ಮರುವರ್ಷವೇ ಬ್ಯಾಂಡ್ ಬಿಟ್ಟು ಮೆಕ್ಸಿಕೋಗೆ ಹೋಗಿಬಿಟ್ಟರು.

ಹಾಡು ಬರೆದವರಿಗೆ ಇದೆಲ್ಲ ಇಷ್ಟವಾಗುತ್ತಿತ್ತಾ? ಎಲ್ಲರಿಗೂ ಇಲ್ಲ. ಜಾಝ್‌ನವರು ತಮ್ಮ ಧಾಟಿ ಕೆಡಿಸುತ್ತಾರೆ ಅಂತ ಜೆರೋಮ್ ಕರ್ನ್ ಬೇಸರಪಡುತ್ತಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಾತು ನಿಜ, ಅವರ ಎಷ್ಟೋ ಹಾಡು ಇವತ್ತಿಗೂ ಜೀವಂತ ಇರೋದು ಜಾಝ್‌ನವರು ಕೈಬಿಡದೆ ನುಡಿಸಿದ್ದರಿಂದ.

ಇನ್ನೂ ಮುಂದೆ ಹೋದವರೂ ಇದ್ದಾರೆ. ಗರ್ಶ್ವಿನ್ ಅವರ 'ಐ ಗಾಟ್ ರಿದಮ್' 1930ರ ಹಾಡು. ಅದರ ಕಾರ್ಡ್‌ಗಳ ಸರಣಿಯನ್ನು ಮಾತ್ರ ಇಟ್ಟುಕೊಂಡು ಮೇಲೆ ಪೂರ್ತಿ ಹೊಸ ಧಾಟಿ ಬರೆಯೋದು ಜಾಝ್‌ನಲ್ಲಿ ಒಂದು ಪರಂಪರೆಯೇ ಆಯಿತು. ಮೂಲ ಹಾಡಿನ ಕೊನೆಯಲ್ಲಿ ಎರಡು ಬಾರ್ ಜಾಸ್ತಿ ಇವೆ, ಒಟ್ಟು 34. ಜಾಝ್‌ನವರು ಅವೆರಡನ್ನು ಕತ್ತರಿಸಿ 32 ಮಾಡಿಕೊಂಡರು. ಡ್ಯೂಕ್ ಎಲಿಂಗ್ಟನ್ ಅವರ 1940ರ 'ಕಾಟನ್ ಟೇಲ್' ಈ ಸರಣಿಯ ಮೇಲೇ ನಿಂತಿದೆ. ಬೆನ್ ವೆಬ್‌ಸ್ಟರ್ ಅವರ ಟೆನರ್ ಸೋಲೋ, ಆಮೇಲೆ ಐದೂ ಸ್ಯಾಕ್ಸೋಫೋನ್ ಒಟ್ಟಿಗೆ ಓಡುವ ಒಂದು ಭಾಗ. ಇಂಥ ಭಾಗಕ್ಕೆ ಸೋಲಿ ಅನ್ನುತ್ತಾರೆ. ಗರ್ಶ್ವಿನ್ ಹಾಡು ಗೊತ್ತಿದ್ದವರಿಗೂ ಅದು ಇಲ್ಲಿ ಅಡಗಿದೆ ಅಂತ ಹೊಳೆಯಲ್ಲ. ಹೊಸ ಧಾಟಿ ಬರೆದರೆ ರಾಯಲ್ಟಿ ಬರೆದವರಿಗೇ ಬರುತ್ತದೆ, ಕಾರ್ಡ್ ಸರಣಿಗೆ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಇದೂ ಒಂದು ಕಾರಣ.

ದುಡ್ಡಿನ ಮಾತು ಬಂತು ಅಂದ್ರೆ ಅರೇಂಜರ್‌ಗಳ ಪಾಡನ್ನು ಹೇಳಲೇಬೇಕು. ಹಾಡಿನ ರಚನೆಕಾರರಿಗೆ ಪ್ರತಿ ರೆಕಾರ್ಡ್‌ಗೂ ಪಾಲು ಹೋಗುತ್ತದೆ. ಅರೇಂಜರ್‌ಗೆ ಸಾಮಾನ್ಯವಾಗಿ ಒಂದೇ ಸಲದ ಸಂಭಾವನೆ, ಅಲ್ಲಿಗೆ ಮುಗಿಯಿತು. ನಮ್ಮ ಕಡೆಯೂ ಅಷ್ಟೇ. ಮುಂಬೈ ಸಿನಿಮಾ ಸಂಗೀತದಲ್ಲಿ ಶಂಕರ್-ಜೈಕಿಶನ್, ಓ.ಪಿ. ನಯ್ಯರ್ ಹೆಸರು ಎಲ್ಲರಿಗೂ ಗೊತ್ತು. ಅವರಿಗೆ ವಾದ್ಯಗೋಷ್ಠಿ ಬರೆದುಕೊಟ್ಟ ಗೋವಾದ ಸೆಬಾಸ್ಟಿಯನ್ ಡಿಸೋಜಾ ಎಷ್ಟು ಜನಕ್ಕೆ ಗೊತ್ತು?

ಸರಿ, ಮತ್ತೆ ಸಂಗೀತಕ್ಕೆ ಬರೋಣ. 1950ರ ದಶಕಕ್ಕೆ ಬಂದರೆ ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆ ಬಂದಿತ್ತು, ಮೂರು ನಿಮಿಷದ ಕಟ್ಟು ಸಡಿಲವಾಗಿತ್ತು. 1956ರ ಜನವರಿಯಲ್ಲಿ ಫ್ರಾಂಕ್ ಸಿನಾಟ್ರಾ ಹಾಡಿದ 'ಐ ಹ್ಯಾವ್ ಗಾಟ್ ಯೂ ಅಂಡರ್ ಮೈ ಸ್ಕಿನ್' ನೋಡಿ. ಇದೂ ಕೋಲ್ ಪೋರ್ಟರ್ ಹಾಡೇ, 1936ರದ್ದು. ಅರೇಂಜರ್ ನೆಲ್ಸನ್ ರಿಡಲ್. ಇಲ್ಲಿ ಪಿಟೀಲುಗಳೂ ಇರುವುದರಿಂದ ಇದನ್ನು ಅಚ್ಚ ಜಾಝ್ ಆರ್ಕೆಸ್ಟ್ರಾ ಅನ್ನಲಾಗದು, ಆದರೆ ಒಳಗಿನ ಬುದ್ಧಿ ಬಿಗ್ ಬ್ಯಾಂಡಿನದೇ. ಸಿನಾಟ್ರಾ ಮೊದಲು ಹಾಡುತ್ತಾರೆ, ಅವಸರವೇ ಇಲ್ಲ. ಆಮೇಲೆ ಅವರು ನಿಲ್ಲಿಸುತ್ತಾರೆ. ಕೆಳಗೆ ಟ್ರಾಂಬೋನ್‌ಗಳು ಒಂದು ಲ್ಯಾಟಿನ್ ಲಯದ ತುಣುಕು ಹಿಡಿದು ಅದನ್ನೇ ಸುತ್ತಿ ಸುತ್ತಿ ನುಡಿಸುತ್ತವೆ. ಪ್ರತಿ ಸುತ್ತಿಗೂ ಮೇಲೆ ಇನ್ನೊಂದು ಪದರ ಸೇರುತ್ತದೆ, ದನಿ ಏರುತ್ತದೆ, ಬೇರೆ ಕಡೆ ಹೋಗುತ್ತದೆ ಅನ್ನಿಸಿದರೂ ಹೋಗಲ್ಲ. ಕೊನೆಗೆ ತಡೆಯಲಾರದೆ ಮಿಲ್ಟ್ ಬರ್ನ್‌ಹಾರ್ಟ್ ಅವರ ಟ್ರಾಂಬೋನ್ ಸಿಡಿದು ಹೊರಬರುತ್ತದೆ. ಆ ಏರಿಕೆಯ ಬೇರು ಸ್ಟಾನ್ ಕೆಂಟನ್ ಬ್ಯಾಂಡಿನ ಒಂದು ಕ್ಯೂಬನ್ ಶೈಲಿಯ ರಚನೆಯಲ್ಲಿದೆ. ಬರ್ನ್‌ಹಾರ್ಟ್ ಹಿಂದೆ ಅದೇ ಬ್ಯಾಂಡಿನಲ್ಲಿದ್ದವರು. ಅಂದು 22 ಟೇಕ್ ಆಯಿತು. ಟ್ರಾಂಬೋನ್ ತಣಿದ ಮೇಲೆ ಸಿನಾಟ್ರಾ ಹಾಡಿನ ಮಧ್ಯಭಾಗದಿಂದ ಮತ್ತೆ ಸೇರಿಕೊಳ್ಳುತ್ತಾರೆ. ಅದೇ ಸಾಲು, ಅದೇ ಮಾತು, ಆದರೆ ಈಗ ಹಾಡುತ್ತಿರುವ ಮನುಷ್ಯ ಬೇರೆ. ಸೋತುಹೋದೆ ಅಂತ ಒಪ್ಪಿಕೊಂಡವನ ದನಿ ಅದು. ಮಾತು ಹೇಳದೆ ಬಿಟ್ಟದ್ದನ್ನು ನಡುವಿನ ವಾದ್ಯಭಾಗ ಹೇಳಿದೆ. ಪೋರ್ಟರ್ ಹಾಡಿಗೆ ರಿಡಲ್ ಒಂದು ಹೊಸ ದೃಶ್ಯವನ್ನೇ ಬರೆದರು ಅನ್ನಬೇಕು.

ಇನ್ನೊಬ್ಬ ಅರೇಂಜರ್ ಗಿಲ್ ಇವಾನ್ಸ್ ಹಿಡಿದ ದಾರಿಯೇ ಬೇರೆ. 1958ರ ಬೇಸಿಗೆಯಲ್ಲಿ ಅವರು ಮತ್ತು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಸೇರಿ ಗರ್ಶ್ವಿನ್ ಅವರ 1935ರ ಒಪೆರಾ 'ಪೋರ್ಗಿ ಅಂಡ್ ಬೆಸ್'ನ ಹಾಡುಗಳನ್ನು ರೆಕಾರ್ಡ್ ಮಾಡಿದರು. ಬಿಗ್ ಬ್ಯಾಂಡಿನ ಮಾಮೂಲಿ ಸ್ಯಾಕ್ಸೋಫೋನ್ ಸಾಲು ಇಲ್ಲ. ಪಿಯಾನೊ ಇಲ್ಲ. ಬದಲಿಗೆ ಕೊಳಲುಗಳು, ಮೂರು ಫ್ರೆಂಚ್ ಹಾರ್ನ್, ಟ್ಯೂಬಾ. ಹೊಳಪು ಕಡಿಮೆ, ಮಂದ ಬೆಳಕಿನ ನಾದ. 'ಸಮರ್‌ಟೈಮ್' ಒಪೆರಾದಲ್ಲಿ ತಾಯಿ ಮಗುವಿಗೆ ಹಾಡುವ ಲಾಲಿ. ಇಲ್ಲಿ ಮೈಲ್ಸ್ ದನಿ ತಗ್ಗಿಸುವ ಮ್ಯೂಟ್ ಹಾಕಿದ ಟ್ರಂಪೆಟ್‌ನಲ್ಲಿ ಧಾಟಿಯನ್ನು ಮೆಲ್ಲಗೆ, ಸ್ವರಗಳನ್ನು ಉಳಿಸಿ ಉಳಿಸಿ ನುಡಿಸುತ್ತಾರೆ. ಹಿಂದೆ ವಾದ್ಯಗಳು ಒಂದೇ ಚಿಕ್ಕ ನುಡಿಯನ್ನು ಮತ್ತೆ ಮತ್ತೆ ಹೇಳುತ್ತಾ ಹೋಗುತ್ತವೆ. ಅದು ಗರ್ಶ್ವಿನ್ ಬರೆದದ್ದಲ್ಲ, ಇವಾನ್ಸ್ ಅವರದ್ದು. ಒಮ್ಮೆ ಕೇಳಿದ ಮೇಲೆ ಅದಿಲ್ಲದೆ 'ಸಮರ್‌ಟೈಮ್' ನೆನಪಿಸಿಕೊಳ್ಳೋದೇ ಕಷ್ಟ. ಅದೇ ಆಲ್ಬಮ್‌ನ 'ಐ ಲವ್ಸ್ ಯೂ ಪೋರ್ಗಿ'ಯಲ್ಲಿ ಇವಾನ್ಸ್ ಮೈಲ್ಸ್‌ಗೆ ಕಾರ್ಡ್‌ಗಳನ್ನೇ ಬರೆದುಕೊಡಲಿಲ್ಲ, ಸ್ವರಗಳ ಒಂದು ಶ್ರೇಣಿ ಮಾತ್ರ ಕೊಟ್ಟರು. ಇದರಲ್ಲೇ ಓಡಾಡು ಅಂತ. ಬ್ರಾಡ್‌ವೇ ಹಾಡುಗಳ ಎದೆಬಡಿತ ಅಂದ್ರೆ ಬೇಗ ಬೇಗ ಬದಲಾಗುವ ಕಾರ್ಡ್‌ಗಳು. ಅವನ್ನೇ ಕೈಬಿಡೋದು ಅಂದ್ರೆ ಎಷ್ಟು ಧೈರ್ಯ ನೋಡಿ.

ಕುಣಿತದ ಕಾಲ ಮುಗಿದಿತ್ತು. ದೊಡ್ಡ ಬ್ಯಾಂಡ್ ಸಾಕೋದು ಕಷ್ಟವಾಗಿತ್ತು. ಆದರೂ 1966ರ ಫೆಬ್ರವರಿ 7ರಂದು, ಒಂದು ಸೋಮವಾರ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆ ಕ್ಲಬ್‌ನಲ್ಲಿ ಹೊಸ ಆರ್ಕೆಸ್ಟ್ರಾ ಒಂದು ನುಡಿಸಿತು. ನಾಯಕರು ಇಬ್ಬರು: ಡ್ರಮ್ಮರ್ ಮೆಲ್ ಲೂಯಿಸ್, ಮತ್ತು ಬೇಸಿ ಬ್ಯಾಂಡಿನಿಂದ ಬಂದ ಅದೇ ಥ್ಯಾಡ್ ಜೋನ್ಸ್. ಸ್ಟುಡಿಯೋ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಸಂಗೀತಗಾರರಿಗೆ ಸೋಮವಾರ ರಾತ್ರಿ ಬಿಡುವು ಇರುತ್ತಿತ್ತು. ಆ ಬ್ಯಾಂಡ್ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಅನ್ನೋ ಹೆಸರಲ್ಲಿ ಅಲ್ಲೇ ಸೋಮವಾರದ ಪದ್ಧತಿಯನ್ನು ಮುಂದುವರಿಸಿಕೊಂಡು ಬಂದಿದೆ.

ಅವರಿಗೆ ಬಾಬ್ ಬ್ರೂಕ್‌ಮೇಯರ್ ಬರೆದ ಚಾರ್ಟ್‌ಗಳನ್ನು ನಾನು ತುಂಬಾ ಪ್ರೀತಿಸುತ್ತೇನೆ. ಆನ್ ರೊನೆಲ್ ಎಂಬ ಮಹಿಳೆ 1932ರಲ್ಲಿ ರಚಿಸಿದ 'ವಿಲೋ ವೀಪ್ ಫಾರ್ ಮಿ' ಅವುಗಳಲ್ಲಿ ಒಂದು. ಆಮೇಲಿನದು ಸಂಯೋಜಕ ಹೋಗೀ ಕಾರ್ಮೈಕಲ್ ಅವರ 'ಸ್ಕೈಲಾರ್ಕ್', ಆಲ್ಟೊ ಸ್ಯಾಕ್ಸೋಫೋನ್‌ನಲ್ಲಿ ಡಿಕ್ ಓಟ್ಸ್. ಹೆಂಡರ್ಸನ್ ಕಾಲದಲ್ಲಿ ಹಾಡು ಜನರನ್ನು ಕುಣಿಸಬೇಕಿತ್ತು, ಹಾಗಾಗಿ ಧಾಟಿ ಎಲ್ಲಿದೆ ಅಂತ ಯಾವಾಗಲೂ ಗೊತ್ತಾಗಬೇಕಿತ್ತು. ಬ್ರೂಕ್‌ಮೇಯರ್‌ಗೆ ಆ ಕಟ್ಟಿಲ್ಲ. ಧಾಟಿಯ ಕೆಳಗಿನ ಕಾರ್ಡ್‌ಗಳನ್ನು ಅವರು ನಿರೀಕ್ಷೆಗೆ ವಿರುದ್ಧವಾಗಿ ತಿರುಗಿಸುತ್ತಾರೆ. ಅದೇ ಸ್ವರ, ಆದರೆ ಅದರ ಅರ್ಥ ಬೇರೆಯಾಗುತ್ತದೆ. ಹಗುರಾದ ಹಾಡು ಅಂದುಕೊಂಡದ್ದರಲ್ಲಿ ಇಷ್ಟು ನೋವಿತ್ತಾ ಅನ್ನಿಸುತ್ತದೆ.

ಕೇಳೋಕೆ ಶುರು ಮಾಡುವವರು ಒಂದೇ ಹಾಡು ಹಿಡಿಯಿರಿ. ಮೊದಲು ಯಾರಾದರೂ ಸರಳವಾಗಿ, ಪಿಯಾನೊ ಜೊತೆ ಹಾಡಿದ್ದನ್ನು ಕೇಳಿ, ಧಾಟಿ ಬಾಯಿಗೆ ಬರುವವರೆಗೆ. ಆಮೇಲೆ ಆರ್ಕೆಸ್ಟ್ರಾ ರೂಪ ಹಾಕಿ, ಮನಸ್ಸಿನಲ್ಲೇ ಧಾಟಿ ಗುನುಗುತ್ತಾ ಹೋಗಿ. ಎಂಟೆಂಟು ಬಾರ್ ಎಣಿಸಿದರೆ ದಾರಿ ತಪ್ಪಲ್ಲ. ಸೋಲೋ ನಡೆಯುವಾಗ ಸೋಲೋ ಬಿಟ್ಟು ಅದರ ಹಿಂದೆ ಬ್ಯಾಂಡಿನವರು ಏನು ನುಡಿಸುತ್ತಿದ್ದಾರೆ ಅಂತ ಒಮ್ಮೆ ಕೇಳಿ. ಕೊನೆಗೆ ಎಲ್ಲರೂ ಒಟ್ಟಿಗೆ ಅಬ್ಬರಿಸುವ ಭಾಗ ಬರುತ್ತದೆ, ಶೌಟ್ ಕೋರಸ್ ಅಂತಾರೆ. ಅಲ್ಲಿ ಮೂಲ ಧಾಟಿ ಬಹುತೇಕ ಇರೋದೇ ಇಲ್ಲ, ಅರೇಂಜರ್ ಅದರ ಜಾಗದಲ್ಲಿ ತಮ್ಮದನ್ನೇ ಬರೆದಿರುತ್ತಾರೆ. ಆದರೂ ನೀವು ಒಳಗೊಳಗೇ ಗುನುಗುತ್ತಿರುವ ಹಾಡು ಅದರ ಮೇಲೆ ಸರಿಯಾಗಿ ಕೂರುತ್ತದೆ. ಆ್ಯಪ್‌ಗಳು ಅರೇಂಜರ್ ಹೆಸರನ್ನು ತೋರಿಸೋದು ಕಡಿಮೆ, ಆಲ್ಬಮ್‌ನ ಹೊದಿಕೆಯ ಹಿಂಬದಿ ಹುಡುಕಿ. ಅಲ್ಲಿ ಸಿಕ್ಕ ಹೆಸರಿನ ಜಾಡು ಹಿಡಿದು ಅವರು ಬೇರೆ ಯಾವ ಬ್ಯಾಂಡಿಗೆ ಬರೆದಿದ್ದಾರೆ ನೋಡಿ, ಅಲ್ಲಿಂದ ಮುಂದೆ ಹೋಗಿ.